ಹೆರೆದ ಮೇಣ

ಕೇಕು ಚೆನ್ನಾಗಿ ಉಬ್ಬಿಬಂದದ್ದನ್ನು ಕಂಡು ಯಾರ್ಮಿಲಾಳಿಗೆ ಮೈಯೆಲ್ಲ ಉರಿದುಹೋಯಿತು. ಇವತ್ತೊಂದು ದಿನವಾದರೂ ಸೀದು ಕರಕಲಾಗಬಾರದಿತ್ತೆ? ಮೊಟ್ಟೆ ಕದಡುವಾಗ ಬೇಕೆಂದೇ ಅಸಡ್ಡೆ ಮಾಡಿದ್ದಳು. ಒಲೆಯ ಹತ್ತಿರ ನಿಂತು ಕಾಯದೆ ಹಿತ್ತಲಿಗೆ ಹೋಗಿ, ಬಟ್ಟೆ ಒಣಹಾಕುವ ಖಾಲಿ ಹಗ್ಗವನ್ನು ಸುಮ್ಮನೆ ನೋಡಿಕೊಂಡು ನಿಂತಿದ್ದಳು. ಆದರೂ ಬಾಬೊವ್ಕಾ ಕೇಕು ತನ್ನ ಪಾಡಿಗೆ ತಾನು ಬೆಂದು, ಅಂಚಿನ ಒಂದು ನೆರಿಗೆಯೂ ಮುಕ್ಕಾಗದೆ, ನಡುವಿನ ತೂತಿನ ಸುತ್ತ ಹೊಂಬಣ್ಣ ಬಂದು, ಅಚ್ಚಿನಿಂದ ಒಂದೇ ಸಲಕ್ಕೆ ಕಳಚಿ ತಟ್ಟೆಗೆ ಬಿತ್ತು. ಮದುವೆಯಾದಾಗಿನಿಂದ ಗಂಡನ ಗೆಳೆಯರಿಗೆ ಮಾಡಿ ಹಾಕಿದ ಕೈ. ಅದು ಮನಸ್ಸಿನ ಮಾತು ಕೇಳುವುದನ್ನು ಎಂದೋ ಬಿಟ್ಟಿದೆ. ಇವರಿಗ್ಯಾಕೆ ಮಾಡಿದೆ ನಾನು ಎಂದು ತನ್ನನ್ನೇ ಕೇಳಿಕೊಂಡಳು. ಬರುತ್ತಿರುವವರು ನೆಂಟರಲ್ಲ, ಇಷ್ಟರಲ್ಲ. ಗಂಡ ಓಲ್ದಾ ಸತ್ತು ಎಂಟು ತಿಂಗಳಾದ ಮೇಲೆ, ಅವನು ಬಿಟ್ಟುಹೋದ ಫೋನೋಗ್ರಾಫ್ ಎಂಬ ಹಳೇ ಹಾಡಿನ ಯಂತ್ರವನ್ನು ಎಷ್ಟು ಅಗ್ಗಕ್ಕೆ ಹೊಡೆದುಕೊಳ್ಳಬಹುದು ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡು ಬರುತ್ತಿರುವವರು. ಅಂಥವರ ಬಾಯಿಗೆ ಕೇಕು, ಅದರ ಮೇಲೆ ಸಕ್ಕರೆ ಪುಡಿ ಬೇರೆ. ಜರಡಿಗಾಗಿ ಅಡುಗೆಮೇಜಿನ ಡ್ರಾಯರ್ ಎಳೆದಳು.

ಡ್ರಾಯರ್ ಸದ್ದಿಲ್ಲದೆ ಜಾರಿಕೊಂಡು ಬಂತು. ಅದೊಂದೇ ಈ ಮನೆಯಲ್ಲಿ ಅವಳಿಗೆ ಖುಷಿ ಕೊಡುವ ವಸ್ತು ಈಗ. ವರ್ಷಗಟ್ಟಲೆ ಅದು ಅರ್ಧಕ್ಕೆ ಸಿಕ್ಕಿಕೊಂಡು ಕಿರ್ರೆಂದು ಅರಚುತ್ತಿತ್ತು. ಸೊಂಟ ಕೊಟ್ಟು ಎಳೆಯಬೇಕಾಗಿತ್ತು. ನೂರು ವರ್ಷದ ಹಿಂದಿನ ಯಂತ್ರಗಳ ಕೂದಲೆಳೆಯಂಥ ಸ್ಪ್ರಿಂಗು ಸರಿಮಾಡುವ ಗಂಡನಿಗೆ ಹೆಂಡತಿಯ ಡ್ರಾಯರ್ ಸರಿಮಾಡಲು ಪುರುಸೊತ್ತಾಗಿರಲಿಲ್ಲ. 'ನಾಳೆ ನೋಡ್ತೀನಿ ಕಣೇ' ಎನ್ನುತ್ತಲೇ ಸತ್ತ. ಈ ಬೇಸಿಗೆಯಲ್ಲಿ ಅವನ ಕೆಲಸದ ಕೋಣೆ ಗುಡಿಸುವಾಗ, ಹಿಂದಿನ ಗೂಡಿನಲ್ಲಿ ಹಳೇ ಜಾಮಿನ ಬಾಟಲಿಯೊಂದು ಸಿಕ್ಕಿತ್ತು. ಒಳಗೆ ಕಂದುಬಣ್ಣದ ಎಳೆ ಎಳೆಯಾದ ಮೇಣ, ಮುಟ್ಟಿದರೆ ಸೋಪಿನಂತೆ ಜಾರುವುದು. ಎಸೆಯುವುದಕ್ಕೆ ಮುಂಚೆ ಹೊಳೆಯಿತು: ಡ್ರಾಯರಿನ ಎರಡೂ ಪಟ್ಟಿಗೆ ಚೆನ್ನಾಗಿ ತಿಕ್ಕಿ ನೋಡಿದಳು. ಒಂದೇ ಬೆರಳಿಗೆ ತೆರೆದುಕೊಂಡಿತು. ಉಳಿದದ್ದನ್ನು ಕಿಟಕಿಯ ಚೌಕಟ್ಟಿಗೂ ತಿಕ್ಕಿ, ಬಾಟಲಿ ತೊಳೆದು ಕವುಚಿಹಾಕಿದ್ದಳು. ಅವತ್ತು ಮಧ್ಯಾಹ್ನವೆಲ್ಲ ಕೆಲಸವಿಲ್ಲದಿದ್ದರೂ ಡ್ರಾಯರನ್ನು ತೆರೆದು ಮುಚ್ಚಿ ಮಾಡಿದ್ದಳು.

ಸದ್ದು ಮಾಡುವವರು ಮನೆಯಲ್ಲಿ ಮೊದಲೇ ಕಡಿಮೆ. ಹನ್ನೆರಡು ವರ್ಷದ ಹಿಂದೆ ಗಂಟಲಿನ ಗಂಟು ತೆಗೆಸುವಾಗ ಅವಳ ಸ್ವರದ ನರಕ್ಕೆ ಪೆಟ್ಟಾಯಿತು. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದರೆ ಒಣಗಿದ ಎಲೆ ತುಳಿದ ಹಾಗೆ ಒಂದು ಸದ್ದು ಬಂತು, ಅಷ್ಟೇ. ಬರುತ್ತೆ, ನಿಧಾನಕ್ಕೆ ಬರುತ್ತೆ ಎಂದರು ಎಲ್ಲರೂ. ಬರಲಿಲ್ಲ. ಓಲೊಮೌಟ್ಸ್ ಊರಿನ ಹಾಡುಗಾರರ ಮೇಳದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದವಳು, ಬ್ರೆಡ್ಡಿನ ಅಂಗಡಿಯಲ್ಲಿ ತನಗೇನು ಬೇಕೆಂದು ಬೆರಳು ತೋರಿಸಿ ಹೇಳುವವಳಾದಳು. ಅದಕ್ಕಿಂತ ವಿಚಿತ್ರವಾದದ್ದು ಜನರ ನಡವಳಿಕೆ. ಅವಳು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ! ಅಂಗಡಿಯ ಹುಡುಗಿ ಬಗ್ಗಿ, ಯಾವುದೋ ಗುಟ್ಟು ಹೇಳುವವಳಂತೆ, 'ರೈ ಬ್ರೆಡ್ಡಾ, ಬಿಳೀದಾ?' ಎನ್ನುತ್ತಾಳೆ. ಪಾದ್ರಿಯೂ ಪಿಸುಗುಟ್ಟುತ್ತಾನೆ, ಬಸ್ಸಿನವನೂ ಪಿಸುಗುಟ್ಟುತ್ತಾನೆ. ತನಗೇ ಗೊತ್ತಿಲ್ಲದಂತೆ ಊರನ್ನೆಲ್ಲ ಮೆಲುದನಿಗೆ ಇಳಿಸಿಬಿಟ್ಟಿದ್ದಳು. ಇಳಿಯದವನು ಒಬ್ಬನೇ, ರಾದೊವಾನ್. ಹಲ್ಲು ಕಿತ್ತು ಕಿತ್ತು ಈಗ ನಿವೃತ್ತನಾದ ದಂತವೈದ್ಯ, ಫೋನೋಗ್ರಾಫ್ ಸಂಗ್ರಾಹಕರ ಸಂಘದ ಅಧ್ಯಕ್ಷ. ಹೋದದ್ದು ಅವಳ ದನಿಯಲ್ಲ, ಕಿವಿ ಎಂದು ತಿಳಿದವನ ಹಾಗೆ ಅವಳ ಮುಖಕ್ಕೆ ಮುಖ ತಂದು ಕಿರುಚುತ್ತಾನೆ. ಎಷ್ಟು ಸಲ ಹೇಳಿದರೂ ಅಷ್ಟೇ.

ಓಲ್ದಾನನ್ನು ಮಣ್ಣು ಮಾಡಿದ ದಿನವೂ ಹಾಗೇ ಕಿರುಚಿದ್ದ. ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು, ಮಾಂಸದ ಸಾರು ಇನ್ನೂ ಬಿಸಿ ಇತ್ತು. ಅವಳ ಭುಜದ ಮೇಲೆ ಕೈಯಿಟ್ಟು, 'ಯಾರ್ಕಾ! ಮಷೀನಿಗೆ ಧೂಳು ಕೂರದ ಹಾಗೆ ಬಟ್ಟೆ ಹೊದಿಸಿದೀಯಾ?' ಎಂದ. ಇಡೀ ಹಾಲ್ ತಿರುಗಿ ನೋಡಿತು. ಅವಳು ತಲೆಯಾಡಿಸಿದಳು. ಹೊದಿಸಿದೀನಿ ಎಂದು ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಗಂಡನಿಗೆ ಹೊದಿಸಿದ ಮಣ್ಣು ಇನ್ನೂ ಅವಳ ಬೂಟಿನ ಅಂಚಿಗೆ ಅಂಟಿಕೊಂಡಿತ್ತು. ಸಂಘದಲ್ಲೊಂದು ಪದ್ಧತಿ: ಸದಸ್ಯ ಸತ್ತರೆ ಅವನ ಯಂತ್ರಗಳು ಪೇಟೆಗೆ ಹೋಗುವ ಮುನ್ನ ಸಂಘದವರ ಕಣ್ಣಿಗೆ ಬೀಳಬೇಕು. ಯಾರು ಮೊದಲು ಮನೆಗೆ ಕಾಲಿಡುತ್ತಾನೋ ಅವನ ಬೆಲೆಯ ಮೇಲೆ ಇನ್ನೊಬ್ಬ ಬೆಲೆ ಹೇಳುವಂತಿಲ್ಲ. ವಿಧವೆಗೆ ಇದು ಗೊತ್ತಿರುವುದಿಲ್ಲ. ಯಾರ್ಮಿಲಾಳಿಗೆ ಗೊತ್ತು, ಯಾಕೆಂದರೆ ಓಲ್ದಾ ಬೇರೆ ವಿಧವೆಯರ ಮನೆಗಳಿಂದ ಬಂದು ಊಟದ ಮೇಜಿನಲ್ಲಿ ಅದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಮೊದಲು ಕೇಕು ಹೊಗಳಬೇಕು. ಆಮೇಲೆ ಯಂತ್ರದ ಸುತ್ತ ಒಂದು ಸುತ್ತು ಬಂದು, ಕಹಳೆಯ ಹತ್ತಿರ ನಿಂತು, ಮಾತಿಲ್ಲದೆ ಒಂದು ನಿಟ್ಟುಸಿರು ಬಿಡಬೇಕು. ಪಾಪದ ಹೆಂಗಸು ತಾನಾಗಿ ಕೇಳುತ್ತಾಳೆ, ಏನಾಯ್ತು ಅಂತ. ಕೇಳಿದಳೋ, ಅರ್ಧ ಬೆಲೆ ಇಳಿದ ಹಾಗೆ. ಅವನು ಆ ನಿಟ್ಟುಸಿರು ಬಿಡುವ ರೀತಿಗೆ ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹೌದು, ನಕ್ಕಿದ್ದಳು, ಆಗ ಅವಳಿಗೆ ನಗಲು ದನಿಯಿತ್ತು. ಆ ಹೆಂಗಸರೆಲ್ಲ ಈಗ ಯಾವ ಅಡುಗೆಮನೆಯಲ್ಲಿ ಕೂತು ಏನು ಕೇಕು ಮಾಡುತ್ತಿದ್ದಾರೋ.

ಯಂತ್ರ ಮಾರುವುದಕ್ಕೆ ಅವಳ ತಕರಾರಿಲ್ಲ. ಹೋಗಲಿ, ಜಾಗ ಬಿಡಲಿ. ಅವಳಿಗೆ ಬೇಕಾದದ್ದು ಒಂದೇ. ನಡುಮನೆಯ ಕಪಾಟಿನ ಮೇಲಿನ ಸಾಲಿನಲ್ಲಿ, ಹಳೇ ಗೋಡೆಕಾಗದದ ಹಸಿರು ಬಳ್ಳಿ ಅಂಟಿಸಿದ ಒಂದು ರಟ್ಟಿನ ಡಬ್ಬಿ ಇದೆ. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಮೇಣದ ಉರುಳೆ. ಅಂಗೈಯಗಲದ, ಚಾಕೊಲೇಟ್ ಬಣ್ಣದ, ಒಳಗೆ ಟೊಳ್ಳಾದ ಉರುಳೆ. ಅದರಲ್ಲಿ ಅವಳಿದ್ದಾಳೆ. ಓಲ್ದಾ ಮೊದಲ ಯಂತ್ರ ತಂದ ವರ್ಷ, ಅದಕ್ಕೆ ಮೂವತ್ತು ವರ್ಷ ದಾಟಿತು, ಈ ಉರುಳೆಯ ಮೇಲೆ ನಾವೇ ದನಿ ಬರೆಯಬಹುದು ಗೊತ್ತಾ ಎಂದು ಮಕ್ಕಳಂತೆ ಕುಣಿದ. ಅವಳನ್ನು ಕಹಳೆಯ ಮುಂದೆ ನಿಲ್ಲಿಸಿ ಹಿಂದಿನಿಂದ ಎರಡೂ ಭುಜ ಹಿಡಿದುಕೊಂಡ. ಅವಳು ಹಾಡಿದ್ದು ಅಜ್ಜಿ ಕಲಿಸಿದ ಹಾಡು, ಹುಲ್ಲು ಕೊಯ್ಯುವವರು ದಣಿವಾರಿಸಿಕೊಳ್ಳುವಾಗ ಹಾಡುವಂಥದ್ದು. ದನಿ ಕೆಳಗಿಳಿದಾಗ ಕಹಳೆಯೊಳಕ್ಕೆ ಅವಳನ್ನು ದೂಡುವನು, ಮೇಲೇರಿದಾಗ ಹಿಂದಕ್ಕೆಳೆಯುವನು, ಇಲ್ಲದಿದ್ದರೆ ಮುಳ್ಳು ಮೇಣವನ್ನು ಗೀರಿಬಿಡುತ್ತದಂತೆ. ದೂಡಿಸಿಕೊಂಡು ಎಳೆಸಿಕೊಂಡು, ಕೊನೆಗೆ ಮೇಲಿನ ಸ್ವರ ಹಿಡಿದಾಗ ಅವನ ಬೆರಳು ಭುಜಕ್ಕೆ ಕಚಗುಳಿ ಇಟ್ಟಂತಾಗಿ ನಕ್ಕುಬಿಟ್ಟಳು. ಆ ನಗುವೂ ಬರೆಯಲ್ಪಟ್ಟಿತು. ತಿರುಗಿ ಹಾಕಿ ಕೇಳಿದಾಗ, ಚರಚರ ಎನ್ನುವ ಸದ್ದಿನ ಹಿಂದೆ, ಪಕ್ಕದ ಮನೆಯಲ್ಲೆಲ್ಲೋ ಒಬ್ಬಳು ಸುಖವಾಗಿರುವ ಹೆಂಗಸು ಹಾಡುತ್ತಿರುವ ಹಾಗಿತ್ತು.

ದನಿ ಹೋದ ಮೇಲೆ ಮೂರು ವರ್ಷ ಅದನ್ನು ಹಾಕು ಎಂದು ಅವಳು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಆಮೇಲೆ ಒಂದು ದಿನ ಕೇಳಿದಳು. ಓಲ್ದಾ ತಲೆ ಎತ್ತದೆ, 'ಬೇಡ ಕಣೇ, ಸವೆಯುತ್ತೆ' ಎಂದ. 'ಒಂದೊಂದು ಸಲ ಹಾಕಿದಾಗ್ಲೂ ಮುಳ್ಳು ಒಂಚೂರು ತಿಂದ್ಹಾಕುತ್ತೆ. ಇರೋದೊಂದು. ಹಾಗೇ ಇರ್ಲಿ.' ಅವಳ ಕಣ್ಣು ತುಂಬಿಬಂದಿತ್ತು. ನನಗಿಂತ ಹೆಚ್ಚಾಗಿ ಇವನೇ ಅದನ್ನು ಕಾಯುತ್ತಿದ್ದಾನೆ ಅಂದುಕೊಂಡಳು. ತನ್ನ ಪ್ರತಿ ಹುಟ್ಟುಹಬ್ಬಕ್ಕೂ ಇವಳು ಕೇಳುವುದು, ಅವನು ಸವೆಯುತ್ತೆ ಎನ್ನುವುದು, ಇವಳು ಅವನ ಕೈ ಹಿಡಿದುಕೊಳ್ಳುವುದು. ಅವರ ನಡುವೆ ಉಳಿದಿದ್ದ ಪ್ರೀತಿ ಅದೊಂದೇ ಎಂದರೂ ತಪ್ಪಿಲ್ಲ. ಯಾವುದಕ್ಕೂ ಇರಲಿ ಎಂದು ಅವಳು ಡಬ್ಬಿಯನ್ನು ಮುಟ್ಟಿಯೂ ಇರಲಿಲ್ಲ, ಎಂಟು ತಿಂಗಳಿಂದ.

ಕರೆಗಂಟೆ ಹೊಡೆಯಿತು.

ಬಾಗಿಲಲ್ಲಿ ರಾದೊವಾನ್, ಅವನ ಹಿಂದೆ ಹಿನೆಕ್ ನಿಂತಿದ್ದ, ಕೈಯಲ್ಲಿ ಕಾರ್ನೇಷನ್ ಹೂ. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸಂಘದ ಕಾರ್ಯದರ್ಶಿ ಎಂದರೆ ರಾದೊವಾನ್ ಹೇಳಿದ್ದಕ್ಕೆ ಹೂಂಗುಟ್ಟುವವನು. ರಾದೊವಾನ್ ಹೊಸ್ತಿಲು ದಾಟುತ್ತಲೇ ಮೂಗರಳಿಸಿ, 'ಆಹಾ! ಬಾಬೊವ್ಕಾ! ಇಡೀ ಜಿಲ್ಲೇಲಿ ಇಂಥ ಕೇಕಿಲ್ಲ ಯಾರ್ಕಾ!' ಎಂದು ಗೋಡೆ ನಡುಗುವಂತೆ ಕೂಗಿದ. ಮೊದಲು ಕೇಕು ಹೊಗಳಬೇಕು. ಬೂಟು ಬಿಚ್ಚಿ, ಬಾಗಿಲ ಪಕ್ಕದ ಗೂಡಿಗೆ ಕೈಹಾಕಿ, ಅತಿಥಿಗಳಿಗೆಂದು ಅವಳು ತೆಗೆದಿರಿಸಿದ್ದ ಎರಡು ಜೊತೆ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ಓಲ್ದಾನ ಬೂದು ಉಣ್ಣೆಯ ಮನೆಚಪ್ಪಲಿ ಎಳೆದು ಕಾಲಿಗೆ ಹಾಕಿಕೊಂಡ. 'ಇವೇ ಬೆಚ್ಚಗಿರ್ತವೆ' ಎಂದ. ಎಡಗಾಲಿನದರಲ್ಲಿ ಓಲ್ದಾನ ಹೆಬ್ಬೆರಳಿನ ಉಬ್ಬು ಇನ್ನೂ ಹಾಗೇ ಇತ್ತು. ಯಾರ್ಮಿಲಾ ಬಾಯಿ ತೆರೆದಳು. ತೆಗಿ ಎನ್ನಬೇಕಾಗಿತ್ತು. ಆದರೆ ಅವಳ ದನಿ ಹೊರಬರುವಷ್ಟರಲ್ಲಿ ಅವನು ಚಪ್ಪಲಿ ಪರಪರ ಎಳೆದುಕೊಂಡು ನಡುಮನೆ ತಲುಪಿದ್ದ. ಪಿಸುದನಿಯವರ ಕೋಪಕ್ಕೆ ಇದೇ ಕಷ್ಟ, ಎದುರಿನವರು ನಿಂತು ಕೇಳಿದರೆ ಮಾತ್ರ ಅದು ಕೋಪ.

ಕೇಕು ತಿಂದರು, ಕಾಫಿ ಕುಡಿದರು. ರಾದೊವಾನ್ ಎದ್ದು ಯಂತ್ರದ ಹೊದಿಕೆ ತೆಗೆದ. ಒಂದು ಸುತ್ತು ಬಂದ. ಓಕ್ ಮರದ ಪೆಟ್ಟಿಗೆಯ ಮೂಲೆಗೆ ಉಗುರು ಹಾಕಿ ನೋಡಿದ, ಕೀಲಿ ತಿರುಗಿಸಿ ಕಿವಿಗೊಟ್ಟ, ಕಹಳೆಯ ಹತ್ತಿರ ನಿಂತ. ಈಗ ಎಂದುಕೊಂಡಳು ಅವಳು. ನಿಟ್ಟುಸಿರು ಬಂತು. ಓಲ್ದಾ ಮಾಡಿ ತೋರಿಸುತ್ತಿದ್ದುದಕ್ಕಿಂತ ಕಳಪೆಯಾಗಿತ್ತು. ಅವಳು ಏನಾಯ್ತು ಎಂದು ಕೇಳಲಿಲ್ಲ. ಕೇಕಿನ ಚೂರನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತ ಕೂತಳು. ರಾದೊವಾನ್ ಇನ್ನೊಂದು ನಿಟ್ಟುಸಿರು ಬಿಟ್ಟ. ಕೊನೆಗೆ ತಾನೇ, 'ಏನ್ ಹೇಳ್ಲಿ ಯಾರ್ಕಾ, ಕಹಳೆ ಇದರದ್ದಲ್ಲ! ಪೆಟ್ಟಿಗೆ ಒಂದು ಕಡೇದು, ಮೋಟಾರು ಇನ್ನೊಂದು ಕಡೇದು. ಓಲ್ದಾ ನನ್ನ ಪ್ರಾಣಸ್ನೇಹಿತ, ಸತ್ತೋನ ಬಗ್ಗೆ ಹಾಗನ್ಬಾರದು, ಆದ್ರೆ ಕೂಡಿಸಿ ಕಟ್ಟಿದ ಮಷೀನು ಇದು' ಎಂದ.

'ಕಹಳೆ ಇದರದ್ದೇ' ಎಂದಳು ಯಾರ್ಮಿಲಾ.

'ಏನಂದೆ?'

'ಇದರದ್ದೇ ಅಂತಾರೆ' ಎಂದ ಹಿನೆಕ್, ಪಿಸುಮಾತಿನಲ್ಲಿ.

'ಸರಿ, ಸರಿ. ನಾನು ನಿನಗೆ ಮೋಸ ಮಾಡ್ತೀನಾ? ಮಷೀನಿಗೆ ಇಷ್ಟು, ಅದರ ಜೊತೆ ಈ ಕಪಾಟಿನ ಉರುಳೆಗಳನ್ನೂ ಸೇರಿಸಿ ಹೊತ್ಕೊಂಡು ಹೋಗ್ತೀವಿ. ನಿನಗೂ ಮನೆ ಖಾಲಿ ಆಗುತ್ತೆ.' ಅವನು ಹೇಳಿದ ಬೆಲೆ ಅವಳು ಎಣಿಸಿದ್ದಕ್ಕಿಂತಲೂ ನಾಚಿಕೆಗೇಡಾಗಿತ್ತು. ಆದರೆ ಅವಳ ಕಣ್ಣು ಬೆಲೆಯ ಮೇಲಿರಲಿಲ್ಲ. ಅವನ ಕೈ ಮೇಲಿನ ಸಾಲಿಗೆ ಹೋಗಿತ್ತು, ಹಸಿರು ಬಳ್ಳಿಯ ಡಬ್ಬಿಯನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಂಡು ಕೋಟಿನ ಪಕ್ಕ ಇಟ್ಟುಕೊಂಡಿತ್ತು.

ಅವಳು ಎದ್ದುಹೋಗಿ ಡಬ್ಬಿಯನ್ನು ವಾಪಸು ತೆಗೆದುಕೊಂಡಳು. 'ಇದು ನನ್ನದು. ಇದನ್ನ ಈಗ ಹಾಕಿ. ಕೇಳ್ಬೇಕು ನಾನು.'

ರಾದೊವಾನನ ಮುಖದಲ್ಲಿ ಏನೋ ಒಂದು ಜಾರಿತು. 'ಬೇಡ ಯಾರ್ಕಾ' ಎಂದ. 'ಸವೆಯುತ್ತೆ.'

ಅದೇ ಮಾತು. ಅದೇ ರಾಗ. ತಲೆ ಎತ್ತದೆ ಹೇಳುವ ರೀತಿಯೂ ಅದೇ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕೊಟ್ಟು ಇಟ್ಟುಕೊಂಡ ಮಾತು ಅದೆಂದು ಯಾರ್ಮಿಲಾಳಿಗೆ ಒಮ್ಮೆಲೇ ಅನ್ನಿಸಿತು, ಯಾಕೆಂದು ಗೊತ್ತಾಗಲಿಲ್ಲ. ಹಿನೆಕನ ಕಡೆ ನೋಡಿದಳು. ಹಿನೆಕ್ ಖಾಲಿ ಲೋಟದ ತಳದಲ್ಲಿ ಕಾಫಿಯ ಗಸಿಯನ್ನು ಓದುತ್ತಿದ್ದ. ಅವಳಿಗೆ ಯಂತ್ರ ನಡೆಸಲು ಬರುವುದಿಲ್ಲವೆಂದು ಇವರೆಲ್ಲ ತಿಳಿದಿದ್ದಾರೆ. ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವರಿಗೆ ಎಲ್ಲವೂ ಕಾಣುತ್ತದೆ. ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳನ್ನು ಉರುಳೆಯ ಟೊಳ್ಳಿನೊಳಗೆ ಇಳಿಸಿ, ಬೆರಳು ಅಗಲಿಸಿ ಹೊರತೆಗೆದಳು, ಮೈಗೆ ಕೈ ತಾಗದ ಹಾಗೆ. ಯಂತ್ರದ ದಿಂಡಿಗೆ ಅದನ್ನು ತೊಡಿಸಿದಳು. ಓದುವ ಮುಳ್ಳನ್ನು ಇಳಿಸಿದಳು.

ಮೊದಲು ಚರಚರ. ಅವಳು ಕಣ್ಣು ಮುಚ್ಚಿಕೊಂಡಳು. ಭುಜ ತಂತಾನೇ ಬಿಗಿಯಾಯಿತು, ಯಾರೋ ಹಿಂದಿನಿಂದ ಹಿಡಿದುಕೊಳ್ಳುತ್ತಾರೆ ಎಂಬಂತೆ. ಆಮೇಲೆ ಒಂದು ಗಂಡುದನಿ, ಜಾತ್ರೆಯಲ್ಲಿ ಆಟ ತೋರಿಸುವವನ ಹಾಗೆ ಅರಚುವ ದನಿ: 'ಮಹಾಜನಗಳೇ! ನಮ್ಮ ಅಧ್ಯಕ್ಷರ ಅರವತ್ತನೇ ಹುಟ್ಟುಹಬ್ಬ!' ಓಲ್ದಾ. ಚಪ್ಪಾಳೆ. ಬಾಟಲಿಯ ಬೆಂಡು ಹಾರಿದ ಸದ್ದು. ಅನಂತರ ರಾದೊವಾನ್ ಸೈನ್ಯದ ಪೋಲಿ ಹಾಡೊಂದನ್ನು ಒದರಿದ, ಇನ್ನೂ ನಾಲ್ಕೈದು ಕುಡಿದ ದನಿಗಳು ಜೊತೆಗೂಡಿದವು. ಹಾಡು ನಡುವೆ ತುಂಡಾಯಿತು. ರಾದೊವಾನ್ ಕಹಳೆಗೇ ಬಾಯಿಟ್ಟು, 'ಯಾರ್ಕಾಗೆ ಗೊತ್ತಾದ್ರೆ ನಿನ್ನ ಗತಿ ಏನೋ ಓಲ್ದಾ?' ಎಂದ. ಓಲ್ದಾ, ಅಷ್ಟೇ ಸ್ಪಷ್ಟವಾಗಿ: 'ಏನ್ ಮಾಡ್ತಾಳೆ? ಕೂಗಾಡೋಕೆ ಅವಳಿಗೆ ಬಾಯೆಲ್ಲಿದೆ!' ನಗು. ಉರುಳೆ ಮುಗಿಯುವವರೆಗೂ ನಗು. ಅವಳ ನಗುವಿದ್ದ ಜಾಗದಲ್ಲಿ, ಕೊನೆಯ ಗೆರೆಗಳಲ್ಲಿ, ಇವರ ನಗು.

ಯಾರೂ ಮುಳ್ಳು ಎತ್ತಲಿಲ್ಲ. ಅದು ತುದಿಯಲ್ಲಿ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಯಾರ್ಮಿಲಾ ಕೈ ಚಾಚಿ ಎತ್ತಿದಳು. ಒಂಬತ್ತು ವರ್ಷದ ಹಿಂದೆ, ಆ ಹುಟ್ಟುಹಬ್ಬದ ದಿನ, ಅವಳು ಜ್ಲೀನ್ ಊರಿನ ತಂಗಿಯ ಮನೆಯಲ್ಲಿದ್ದಳು. ಗಂಡಸರೇ ಕೂತು ಕುಡಿಯಲಿ ಪಾಪ ಎಂದು ತಣ್ಣನೆಯ ಮಾಂಸ, ಉಪ್ಪಿನಕಾಯಿ ಸೌತೆ ಎಲ್ಲ ಹೆಚ್ಚಿ, ಮುಚ್ಚಿಟ್ಟು ಹೋಗಿದ್ದಳು.

'ನೀವೂ ಇದ್ರಾ?' ಎಂದು ಹಿನೆಕನನ್ನು ಕೇಳಿದಳು.

'ಇದ್ದೆ' ಎಂದ ಅವನು, ಕೇಳಿಸದ ಹಾಗೆ. 'ಯಾರ್ಮಿಲಾ ಅವ್ರೇ, ಖಾಲಿ ಉರುಳೆ ಒಂದೂ ಇರ್ಲಿಲ್ಲ. ಅವನ್ನ ಮಾಡೋನು ಎಲ್ಲೋ ದೂರದ ದೇಶದಲ್ಲಿ ಒಬ್ಬ, ತಿಂಗಳುಗಟ್ಟಲೆ ಕಾಯ್ಬೇಕು. ಈ ರಾದೊವಾನ್ ಹೊಸಾ ಬರೆಯೋ ಮುಳ್ಳು ತಂದಿದ್ದ, ಈಗ್ಲೇ ಬರೀಬೇಕು ಅಂತ ಹಠ. ಓಲ್ದಾ ಮೊದ್ಲು ಬೇಡ ಅಂದ. ಆಮೇಲೆ...' ಯಂತ್ರಕ್ಕೆ ಕೂಡಿಸಿದ್ದ, ಮೇಣ ಹೆರೆಯುವ ಅಲಗಿನ ಕಡೆಗೆ ಕೈ ತೋರಿಸಿದ. ಮೇಣದ ಮೇಲಿನ ಹಳೇ ದನಿಯನ್ನು ತೆಳ್ಳಗೆ ಹೆರೆದು ತೆಗೆದರೆ ಉರುಳೆ ಮತ್ತೆ ಹೊಸದು. ಸಂಘದವರು ಮಾಡುವ ಕೆಲಸವೇ ಅದು. ಬೇಡದ ದನಿ ಕಂಡರೆ ಹೆರೆದುಬಿಡುವುದು.

'ಕುಡಿದಿದ್ವಿ ಯಾರ್ಕಾ!' ರಾದೊವಾನ್ ಕೂಗಿದ. 'ಹಳೇ ಕಥೆ! ಅವನು ಮಾರನೇ ದಿನ ಅತ್ತುಬಿಟ್ಟ ಗೊತ್ತಾ? ನಾನೇ ಸಮಾಧಾನ ಮಾಡಿದ್ದು. ಕೇಳಿದ್ರೆ ಸವೆಯುತ್ತೆ ಅಂತ ಹೇಳು, ಅವಳು ನಂಬ್ತಾಳೆ ಅಂತ ನಾನೇ ಹೇಳ್ಕೊಟ್ಟಿದ್ದು. ನಿನಗೆ ನೋವಾಗ್ಬಾರದು ಅಂತ!'

'ಹೆರೆದ ಚೂರನ್ನೆಲ್ಲ ಕುಂಚದಲ್ಲಿ ಗುಡಿಸಿ ಎತ್ತಿಟ್ಟಿದ್ದ' ಎಂದ ಹಿನೆಕ್. ಸಮಾಧಾನದ ಮಾತು ಹೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. 'ಎಸೆಯೋಕೆ ಮನಸ್ಸಾಗ್ಲಿಲ್ಲ ಪಾಪ. ಒಂದು ಜಾಮಿನ ಬಾಟ್ಲಿಯಲ್ಲಿ. ಇರ್ಬೇಕು ಇಲ್ಲೇ ಎಲ್ಲೋ.'

ಯಾರ್ಮಿಲಾ ಅಡುಗೆಮನೆಗೆ ನಡೆದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಮೇಜಿನ ಡ್ರಾಯರಿಗೆ ಬೆರಳು ಹಾಕಿದಳು, ಅದು ಜಾರಿಕೊಂಡು ಬಂತು. ದೂಡಿದಳು, ಜಾರಿಕೊಂಡು ಹೋಯಿತು. ಹುಲ್ಲು ಕೊಯ್ಯುವವರ ಹಾಡು, ಮೇಲಿನ ಸ್ವರ, ಕಚಗುಳಿಯ ನಗು, ಎಲ್ಲ ಈ ಎರಡು ಮರದ ಪಟ್ಟಿಯ ಮೇಲೆ. ತಾನೇ ತಿಕ್ಕಿದ್ದು. ಎಷ್ಟು ಚೆನ್ನಾಗಿ ತಿಕ್ಕಿದ್ದಳು, ಮೂಲೆ ಬಿಡದೆ! ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬಂದದ್ದು ಬೇರೆ. ಹೊಟ್ಟೆಯ ತಳದಿಂದ ಎದ್ದು ಬರುತ್ತಿರುವ ಅದಕ್ಕೆ ಮೊದಲೆಲ್ಲ ಗಂಟಲಿನಲ್ಲೊಂದು ದಾರಿ ಇತ್ತು. ಸತ್ತವನ ಮೇಲೆ ಸಿಟ್ಟು ಮಾಡಬಾರದೆಂದು ಎಂಟು ತಿಂಗಳಿಂದ ಕಪ್ಪು ಬಟ್ಟೆ ಉಟ್ಟು, ಭಾನುವಾರ ಭಾನುವಾರ ಗೋರಿಗೆ ಹೋಗಿ ಒಣಗಿದ ಹೂ ಕಿತ್ತು ಹೊಸ ಹೂ ಇಟ್ಟು ಬಂದಿದ್ದಳು. ಅತ್ತನಂತೆ. ಬಾಟಲಿಯಲ್ಲಿ ಎತ್ತಿಟ್ಟನಂತೆ. ಏನು ಮಾಡಬೇಕು ಅದನ್ನು, ಮಾಂಸದ ಸಾರಿಗೆ ಉದುರಿಸಿಕೊಳ್ಳಲೇ? ಅತ್ತದ್ದನ್ನು ರಾದೊವಾನನ ಮುಂದೆ ಅತ್ತ, ಅವಳ ಮುಂದೆ ಅಲ್ಲ. ಅವಳ ಮುಂದೆ ಒಂಬತ್ತು ಹುಟ್ಟುಹಬ್ಬ ಸವೆಯುತ್ತೆ ಎಂದ. ಅವಳು ಒಂಬತ್ತು ಸಲವೂ ಅವನ ಕೈ ಹಿಡಿದುಕೊಂಡಳು. ಕೋಪದಲ್ಲಿ ಅವಳ ಕೈಬೆರಳು ಬೆಚ್ಚಗಾಗಿದ್ದವು. ನಲ್ಲಿಯ ಕೆಳಗೆ ಹಿಡಿದು ತಣ್ಣಗೆ ಮಾಡಿ, ಒರೆಸಿಕೊಂಡು ನಡುಮನೆಗೆ ಬಂದಳು. ಬಿಸಿಗೈ ತಾಗಿದರೆ ಮೇಣ ಬಿರುಕು ಬಿಡುತ್ತದೆ, ಅದೂ ಅವಳಿಗೆ ಗೊತ್ತು.

ರಾದೊವಾನ್ ಉರುಳೆಯನ್ನು ಡಬ್ಬಿಗೆ ಹಾಕುತ್ತಿದ್ದ. ಅವಳು ಕೈಚಾಚಿದಳು. ಅವನು ಕೊಡಲಿಲ್ಲ.

'ನೋಡು ಯಾರ್ಕಾ, ಇದು ಸಂಘಕ್ಕೆ ಸೇರ್ಬೇಕಾದ್ದು! ಓಲ್ದಾನ ದನಿ ಇರೋದು ಇದೊಂದ್ರಲ್ಲೇ! ಮುಂದಿನ ವಾರ್ಷಿಕ ಸಭೇಲಿ ಹಾಕ್ಬೇಕು ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ.'

ಎಲ್ಲರಿಗೂ. ಸಭೆಯಲ್ಲಿ ಎಲ್ಲರೂ ಎದ್ದು ನಿಂತು, ತಲೆ ಬಗ್ಗಿಸಿ, ಕೂಗಾಡೋಕೆ ಅವಳಿಗೆ ಬಾಯೆಲ್ಲಿದೆ ಎಂಬುದನ್ನು ಗೌರವದಿಂದ ಕೇಳುವರು. ಅವಳು ಒಂದು ಹೆಜ್ಜೆ ಮುಂದಿಟ್ಟು ಎರಡು ಬೆರಳನ್ನು ಉರುಳೆಯೊಳಗೆ ತೂರಿಸಿದಳು. ಈಗ ಅದು ಇಬ್ಬರ ಕೈಯಲ್ಲಿತ್ತು. 'ಎಳಿ' ಎಂದಳು. 'ಒಡೆಯುತ್ತೆ. ಎಳಿ ನೋಡೋಣ.' ಅವಳ ಮಾತು ಅವನಿಗೆ ಕೇಳಿಸಿತೋ ಇಲ್ಲವೋ, ಸಂಗ್ರಾಹಕನ ಕೈ, ಒಡೆಯುವ ವಸ್ತುವಿನ ಮುಂದೆ ಸೋತಿತು. ಬಿಟ್ಟ.

ಉರುಳೆಯನ್ನು ದಿಂಡಿಗೆ ತೊಡಿಸಿದಳು, ಕೀಲಿ ತುಂಬ ತಿರುಗಿಸಿದಳು, ಹೆರೆಯುವ ಅಲಗನ್ನು ಇಳಿಸಿದಳು. ರಾದೊವಾನ್ 'ಏಯ್! ಹಿನೆಕ್, ಹಿಡ್ಕೊಳೋ ಅವಳನ್ನ!' ಎಂದು ಅರಚಿದ. ಹಿನೆಕ್ ಎದ್ದ. ಎದ್ದು ಬಂದು ಯಂತ್ರದ ಪಕ್ಕ ನಿಂತು, ಅಲಗಿನ ತಿರುಪನ್ನು ಒಂದಿಷ್ಟು ಸಡಿಲಿಸಿ, 'ಇಷ್ಟು ಒತ್ತಿದ್ರೆ ಆಳಕ್ಕೆ ಹೋಗುತ್ತೆ ಯಾರ್ಮಿಲಾ ಅವ್ರೇ, ತೆಳ್ಳಗೆ ಹೆರೀಬೇಕು' ಎಂದ. ಕಂದು ಎಳೆ ಒಂದು ಸುರುಳಿ ಸುರುಳಿಯಾಗಿ ಎದ್ದು ಪೆಟ್ಟಿಗೆಯ ಮೇಲೆ, ನೆಲದ ಮೇಲೆ ಬೀಳತೊಡಗಿತು. ಮಹಾಜನಗಳು ಹೋದರು, ಬೆಂಡು ಹಾರಿದ್ದು ಹೋಯಿತು, ಪೋಲಿ ಹಾಡು ಹೋಯಿತು. ಓಲ್ದಾ ಹೋದ. ತನ್ನ ಎದೆಯಲ್ಲಿ ಎಲ್ಲಾದರೂ ಅಯ್ಯೋ ಎನ್ನುತ್ತದೆಯೇ ಎಂದು ಯಾರ್ಮಿಲಾ ಹುಡುಕಿಕೊಂಡಳು. ಒಂದು ಕಡೆ ಅಂದಿತು. ಅಲಗನ್ನು ಎತ್ತಲಿಲ್ಲ. ಈ ಎಳೆಗಳನ್ನು ಯಾರೂ ಬಾಟಲಿಯಲ್ಲಿ ಎತ್ತಿಡುವುದಿಲ್ಲ, ಸಂಜೆ ಪೊರಕೆ ತಗೊಂಡು ಗುಡಿಸಿ ಕಸಕ್ಕೆ ಹಾಕುತ್ತಾಳೆ.

ಕುಂಚದಿಂದ ಮೇಣ ಝಾಡಿಸಿ, ಓದುವ ಮುಳ್ಳು ತೆಗೆದು ಬರೆಯುವ ಮುಳ್ಳು ಸಿಕ್ಕಿಸಿದಳು. ಕಹಳೆಯ ಮುಂದೆ ನಿಂತಳು. ಭುಜ ಹಿಡಿದುಕೊಳ್ಳಲು ಯಾರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈ ಯಂತ್ರಕ್ಕೆ ಮೆಲುದನಿ ಕೇಳಿಸುವುದಿಲ್ಲ. ಎದೆ ಒಡೆಯುವಂತೆ ಕೂಗಿದರೆ ಮಾತ್ರ ಮುಳ್ಳು ಮೇಣಕ್ಕೆ ಇಳಿಯುತ್ತದೆ. ಮುಖವನ್ನು ಕಹಳೆಯೊಳಗೆ ಹುದುಗಿಸಿ, ತಣ್ಣನೆಯ ತಗಡು ಕೆನ್ನೆಗೆ ಒತ್ತುತ್ತಿರಲು, ಬಾಯಿ ತೆರೆದಳು. ಒಣಗಿದ ಎಲೆ ತುಳಿದ ಸದ್ದು. ಮತ್ತೆ ಉಸಿರೆಳೆದಳು. ಓಲ್ದಾ ಎಂದಳು, ಕಳ್ಳ ಎಂದಳು. ಆ ಹೆಂಗಸರ ಮನೆಯ ನಿಟ್ಟುಸಿರುಗಳನ್ನು ಹೇಳಿದಳು, ಒಂಬತ್ತು ಹುಟ್ಟುಹಬ್ಬಗಳನ್ನು ಹೇಳಿದಳು, ಡ್ರಾಯರಿನ ವಿಷಯ ಹೇಳಿದಳು, ಮಣ್ಣು ಮಾಡಿದ ದಿನದ ಸಾರಿನ ವಿಷಯ ಹೇಳಿದಳು. ಬೈಗುಳ ಮುಗಿದಾಗ ಮಾತಿಲ್ಲದೆ ಬರೀ ಉಸಿರನ್ನೇ ಕಹಳೆಯೊಳಕ್ಕೆ ಹೊಡೆದಳು, ಕುತ್ತಿಗೆಯ ನರ ಉಬ್ಬಿ, ಹಳೇ ಗಾಯದ ಗೆರೆ ಕೆಂಪಾಗಿ, ಕಣ್ಣು ಕತ್ತಲೆ ಬರುವವರೆಗೆ. ಕೊನೆಯಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದಳು. ಮುಳ್ಳು ತುದಿ ಮುಟ್ಟಿತು.

ಕೂತುಕೊಳ್ಳಲಿಲ್ಲ. ಮುಳ್ಳು ಬದಲಾಯಿಸಿ, ಉರುಳೆಯ ಮೊದಲಿಗೆ ತಂದು, ಹಾಕಿದಳು.

ಚರಚರ. ಚರಚರದ ಹಿಂದೆ ಇನ್ನೊಂದು ಚರಚರ, ಗರಗಸ ಹಸಿಮರಕ್ಕೆ ಹಾಕಿದ ಹಾಗೆ, ನಿಂತು, ಮತ್ತೆ ಎದ್ದು, ಮತ್ತೆ ನಿಂತು. ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೆ ಅದು ಬೈಯುತ್ತಿದೆ ಎನ್ನುವುದು ತಿಳಿಯುತ್ತಿತ್ತು, ನಾಯಿಗೂ ತಿಳಿಯುತ್ತಿತ್ತು. ಕಹಳೆಯ ಬಾಯಿ ನೇರ ರಾದೊವಾನನ ಕಡೆಗಿತ್ತು. ಅವನು ಪಕ್ಕಕ್ಕೆ ಸರಿಯಲು ನೋಡಿದ, ಕಪಾಟು ಅಡ್ಡ ಬಂತು. ಹಿನೆಕ್ ತಲೆ ಬಗ್ಗಿಸಿ, ಚರ್ಚಿನಲ್ಲಿ ನಿಂತವನ ಹಾಗೆ ಕೈಕಟ್ಟಿ ನಿಂತಿದ್ದ. ಯಾರ್ಮಿಲಾ ತನ್ನ ದನಿಯನ್ನು ಕೇಳಿದಳು. ಪಕ್ಕದ ಮನೆಯಲ್ಲಿ ಸುಖವಾಗಿರುವ ಹೆಂಗಸಲ್ಲ ಇದು. ಇದೇ ಮನೆಯವಳು. ಮುಗಿಯುವವರೆಗೂ ಕೇಳಿದಳು, ಸವೆಯುವುದಿದ್ದರೆ ಸವೆಯಲಿ ಎಂದು.

ಟಕ್ ಟಕ್ ಎಂದು ಮುಳ್ಳು ತುದಿಯಲ್ಲಿ ಬಡಿದುಕೊಂಡಿತು. ಅವಳು ಎತ್ತಿದಳು.

ಆಮೇಲೆ ರಾದೊವಾನ್ ಅವಳ ಕಡೆ ಬಗ್ಗಿ, ಅಷ್ಟು ವರ್ಷದಲ್ಲಿ ಮೊದಲ ಸಲ ಪಿಸುದನಿಯಲ್ಲಿ ಕೇಳಿದ:

'ಕೊನೇಲಿ ಏನಂದೆ ಯಾರ್ಕಾ? ತಿಳೀಲಿಲ್ಲ.'

'ಓಲ್ದಾನ ಚಪ್ಪಲಿ ಬಿಚ್ಚು ಅಂದೆ' ಎಂದಳು ಯಾರ್ಮಿಲಾ.

ಅವನು ಬಗ್ಗಿ ಬಿಚ್ಚಿದ. ಕಾಲುಚೀಲದಲ್ಲೇ, ನೆಲದ ಮೇಲಿನ ಮೇಣದ ಎಳೆ ತುಳಿದುಕೊಂಡು, ತನ್ನ ಬೂಟಿನ ಕಡೆಗೆ ನಡೆದ.